ಮುಂಗಾಲು ಅಗಲಿಸಿದ ಬುಲೆಟ್: ಹ್ಯಾಂಡಲ್ ನಡುಕದ ಮೂಲ ಹುಡುಕಿದ ಬಗೆ

ಗುರುವಾರ ಪುಣೆ ಬಳಿಯ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ಅಲ್ಲಿನ ಕೈಗಾರಿಕಾ ವಸಾಹತಾದ ಎಂಐಡಿಸಿಯ ಒಳರಸ್ತೆಗಳಲ್ಲಿ ಅಂದು ನಾಯಿಗಳು ನಡುರಸ್ತೆಯಲ್ಲೇ ಮಲಗಿರುತ್ತವೆ. ನಾನು ಕೆಲಸ ಮಾಡುವ ಟೂಲ್ ರೂಮಿನ ಬೀಗದ ಕೈ ನನ್ನ ಬಳಿಯೇ ಇರುವುದರಿಂದ, ಪುಣೆಯಲ್ಲಿರುವ ನಮ್ಮ ವಿಜಯಪುರ, ಇಂಡಿ ಕಡೆಯ ಹುಡುಗರು ತಮ್ಮ ಗಾಡಿಗಳ ಕಾಯಿಲೆಗಳನ್ನೆಲ್ಲ ಆ ದಿನವೇ ಹೊತ್ತು ತರುತ್ತಾರೆ. ಈ ಸಲ ಬಂದವನು ಅಕ್ಕನ ಮಗ.

ಅವನದು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತುಬಿಡದಂತೆ ತಡೆಯುವ ವ್ಯವಸ್ಥೆ) ಬರುವುದಕ್ಕಿಂತ ಮುಂಚಿನ 350 ಸಿಸಿ ಬುಲೆಟ್. ಮುಂದಿನ 90/90-19 ಟೈರ್ ತೆಗೆಸಿ 130/90-16 ಹಾಕಿಸಿದ್ದ. ಮುಂದಿನ ಚಕ್ರವನ್ನು ಎರಡೂ ಬದಿ ಹಿಡಿಯುವ ಹಳೆಯ ಫೋರ್ಕ್ ಕಾಲುಗಳ ನಡುವೆ ಅಷ್ಟು ದಪ್ಪದ ಟೈರ್ ಹಿಡಿಸುವುದಿಲ್ಲ. ಹಾಗಾಗಿ ಆ ಕಾಲುಗಳನ್ನು ಹ್ಯಾಂಡಲಿಗೆ ಕೂಡಿಸುವ ಮೇಲಿನ ಮತ್ತು ಕೆಳಗಿನ ಕ್ಲ್ಯಾಂಪ್‌ಗಳನ್ನೇ ಹೊಸದಾಗಿ ಮಾಡಿಸಿ, 180 ಮಿಲಿಮೀಟರ್ ಇದ್ದ ಕಾಲುಗಳ ಅಂತರವನ್ನು 220ಕ್ಕೆ ಏರಿಸಿದ್ದ. ನೋಡಲು ಖಿಲಾರಿ ಹೋರಿಯ ಹೆಗಲಿನಂತಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

"ಮಾಮಾ, ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆ ಇಳಿಯುವಾಗ ಹ್ಯಾಂಡಲ್ ನಡುಗುತ್ತದೆ. ಟೈರೇ ಕೆಟ್ಟದ್ದು ಬಂದಿದೆ ಅನಿಸುತ್ತದೆ. ಬೇರೆ ಹಾಕಿಸಿಬಿಡಲೇ?" ಎಂದ.

ಟೈರ್ ಬದಲಿಸುವುದು ಕೊನೆಯ ಮದ್ದು, ಅದೂ ಬಹಳ ದುಬಾರಿ ಮದ್ದು. ಅಗಲಿಸಿದ ಗಾಡಿಗಳಲ್ಲಿ ನಾನು ಕಂಡ ನಡುಕಗಳಲ್ಲಿ ಟೈರಿನ ತಪ್ಪು ಅಪರೂಪ. ಅಗಲಿಸುವಾಗ ಯಾವ ಯಾವ ಭಾಗ ತನ್ನ ಹಳೆಯ ಜಾಗದಿಂದ ಸರಿಯಿತು, ಸರಿಯಬೇಕಾದದ್ದು ಎಲ್ಲಿ ಪೂರ್ತಿ ಸರಿಯದೆ ಉಳಿಯಿತು ಎಂಬುದೇ ಮುಖ್ಯ ಪ್ರಶ್ನೆ. ಯಾರೋ ಎಲ್ಲೋ ಎರಡು ಮೂರು ಮಿಲಿಮೀಟರ್ ರಾಜಿ ಮಾಡಿಕೊಂಡಿರುತ್ತಾರೆ.

ಮೊದಲು ನಡುಕದ ಜಾತಿ ಗುರುತಿಸಿ

ಪಾನಾ (ಸ್ಪ್ಯಾನರ್) ಹಿಡಿಯುವ ಮೊದಲು ಅರ್ಧ ತಾಸು ಪ್ರಶ್ನೆ ಕೇಳಬೇಕು. ನಡುಕ ಯಾವ ವೇಗದಲ್ಲಿ? ಏರುವಾಗಲೋ ಇಳಿಯುವಾಗಲೋ? ಆಕ್ಸಿಲರೇಟರ್ ಕೊಟ್ಟಾಗಲೋ ಬಿಟ್ಟಾಗಲೋ? ಹ್ಯಾಂಡಲ್ ಮಾತ್ರ ಅಲುಗುತ್ತದೆಯೋ, ಕೂತ ಸೀಟೂ ಓಲಾಡುತ್ತದೆಯೋ?

ಆಕ್ಸಿಲರೇಟರ್ ಬಿಟ್ಟು ಗಾಡಿ 60ರಿಂದ 45ಕ್ಕೆ ಇಳಿಯುವಾಗ ಹ್ಯಾಂಡಲ್ ಮಾತ್ರ ಪಟಪಟ ನಡುಗಿದರೆ ಚಕ್ರದ ತೂಕ, ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಗಾಳಿ, ಚಕ್ರದ ನೇರ ಇವುಗಳನ್ನು ನೋಡಬೇಕು. 90 ದಾಟಿದ ಮೇಲೆ ಇಡೀ ಗಾಡಿ ನಿಧಾನವಾಗಿ ಹಾವಿನಂತೆ ಹರಿದಾಡಿದರೆ ಹಿಂದಿನ ಚಿಮಟಾದ (ಹಿಂದಿನ ಚಕ್ರ ಹಿಡಿಯುವ ಕವಲಿನ) ಬುಶ್, ಹಿಂದಿನ ಶಾಕಪ್, ಹಿಂದೆ ಕಟ್ಟಿದ ಸಾಮಾನಿನ ಭಾರದ ಕಡೆ ತಿರುಗಬೇಕು. 15-20ರ ವೇಗದಲ್ಲಿ ಗಾಡಿ ನೇರ ಹೋಗದೆ ಅತ್ತಿತ್ತ ತೂಗಿದರೆ ಕೋನ್‌ಸೆಟ್ ಅತಿಯಾಗಿ ಬಿಗಿದಿದೆ ಎಂದೇ ಅರ್ಥ. ಇಲ್ಲವೆಂದರೆ ಯಾವುದೋ ಕೇಬಲ್ ಹ್ಯಾಂಡಲನ್ನು ಎಳೆಯುತ್ತಿದೆ.

ನಮ್ಮ ಹುಡುಗನ ಗಾಡಿಗೆ ಮೊದಲನೆಯದೂ ಇತ್ತು, ಮೂರನೆಯದೂ ಇತ್ತು. ಜೊತೆಗೆ, ಕೇಳಿದ ಮೇಲೆ ನೆನಪಿಸಿಕೊಂಡು ಹೇಳಿದ: ಮುಂದಿನ ಬ್ರೇಕ್ ಹಿಡಿದಾಗ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಸಾತಾರಾಕ್ಕೆ ಹೋಗಿ ಬಂದರೆ ಮಣಿಕಟ್ಟು ನೋಯುತ್ತದೆ. ಆ ಮಾತನ್ನು ನಾನು ಬರೆದುಕೊಂಡೆ, ಆದರೆ ಅದಕ್ಕೆ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಅದರ ಫಲ ಮುಂದೆ ಉಂಡೆ.

ಒಂದು ಎಚ್ಚರಿಕೆ. ಪರೀಕ್ಷೆಗೆಂದು ಎರಡೂ ಕೈ ಬಿಟ್ಟು ಓಡಿಸಬೇಡಿ. ಅಂಗೈಯನ್ನು ಹಗುರವಾಗಿ ಹಿಡಿಯ ಮೇಲಿಟ್ಟರೆ ಸಾಕು, ನಡುಕ ತಾನಾಗಿಯೇ ತಿಳಿಯುತ್ತದೆ. ನವಲೆ ಇಳಿಜಾರಿನಲ್ಲಂತೂ ಯಾವ ಪರೀಕ್ಷೆಯೂ ಬೇಡ. ಬ್ರೇಕ್ ಸೋತ ಲಾರಿಗಳಿಗೆ ಹೆಸರಾದ ಜಾಗ ಅದು. ಓಡಿಸುತ್ತಿರುವಾಗಲೇ ನಡುಕ ಜೋರಾದರೆ ಹ್ಯಾಂಡಲ್ ಜೊತೆ ಕುಸ್ತಿಗೆ ಇಳಿಯದೆ, ಮುಂದಿನ ಬ್ರೇಕ್ ಮುಟ್ಟದೆ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು ಮುಂದಕ್ಕೆ ಬಾಗಿ, ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ.

ಟೈರನ್ನು ಆರೋಪದಿಂದ ಬಿಡಿಸುವುದು

ಕಾಗದದ ಮೇಲೆ ಒಂದು ಲೆಕ್ಕ ಹಾಕಿದರೆ ಅರ್ಧ ಅನುಮಾನ ಹೋಗುತ್ತದೆ. ಹಳೆಯ ಟೈರ್: ರಿಮ್ 19 ಇಂಚು, ಅಂದರೆ 482.6 ಮಿಮೀ. ಟೈರಿನ ಗೋಡೆ 90ರ ಶೇ. 90, ಅಂದರೆ 81. ಮೇಲೆ ಕೆಳಗೆ ಸೇರಿ 162. ಒಟ್ಟು ವ್ಯಾಸ ಸುಮಾರು 645. ಹೊಸದು: 16 ಇಂಚು ಎಂದರೆ 406.4, ಗೋಡೆ 117ರಂತೆ ಎರಡು ಸೇರಿ 234. ಒಟ್ಟು 640. ವ್ಯತ್ಯಾಸ ಬರೀ 4 ಮಿಮೀ ಚಿಲ್ಲರೆ. ಗಾಡಿಯ ಎತ್ತರವಾಗಲಿ ಸ್ಪೀಡೋಮೀಟರ್ ಆಗಲಿ ಇದರಿಂದ ಕೆಡುವುದಿಲ್ಲ. ಈ ಅಳತೆ ಆರಿಸಿದವನಿಗೆ ತಲೆ ಇತ್ತು.

ರಿಮ್ಮಿನ ಅಗಲವನ್ನೂ ನೋಡಿ. 130ರ ಟೈರಿಗೆ 3ರಿಂದ 3.5 ಇಂಚಿನ ರಿಮ್ ಬೇಕು. ಕಿರಿದಾದ ರಿಮ್ಮಿಗೆ ಏರಿಸಿದರೆ ಟೈರಿನ ಬೆನ್ನು ಗೂನಾಗಿ, ನಡುವೆ ಮಾತ್ರ ನೆಲ ಮುಟ್ಟುತ್ತದೆ. ಇಲ್ಲಿ 3 ಇಂಚಿನ ರಿಮ್ ಇತ್ತು. ಟೈರಿನ ಗೋಡೆಯ ಮೇಲಿನ ಉಂಗುರದ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿತ್ತು, ಅಂದರೆ ಟೈರ್ ಸರಿಯಾಗಿ ಕೂತಿದೆ. ರಿಮ್ಮಿನ ಔಟ್, ಅಂದರೆ ತಿರುಗುವಾಗಿನ ಓಲಾಟ, ಡಯಲ್ ಗೇಜಿನಲ್ಲಿ ಒಂದೂವರೆ ಮಿಮೀ ಬಂತು. ಬಹುಪಾಲು ಸರ್ವಿಸ್ ಪುಸ್ತಕಗಳು 2 ಮಿಮೀ ತನಕ ಬಿಡುತ್ತವೆ. ಗಾಳಿ ಮಾತ್ರ 22 ಪಿಎಸ್‌ಐ ಇತ್ತು. 28ಕ್ಕೆ ಏರಿಸಿದೆ. ನಡುಕ ಕೊಂಚ ತೆಳುವಾಯಿತು, ಹೋಗಲಿಲ್ಲ.

ಇನ್ನು ಟ್ರೇಲ್. ಹ್ಯಾಂಡಲಿನ ದಂಡದ ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರ್ ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ಬೀಳುತ್ತದೆ. ಆ ಅಂತರವೇ ಚಕ್ರವನ್ನು ನೇರಕ್ಕೆ ಎಳೆದು ತರುವ ಶಕ್ತಿ. ಹೊಸ ಕ್ಲ್ಯಾಂಪ್ ಮಾಡಿಸುವವರು ಅಗಲದ ಮೇಲೆ ಕಣ್ಣಿಟ್ಟು, ದಂಡದಿಂದ ಫೋರ್ಕ್ ಕಾಲುಗಳು ಎಷ್ಟು ಮುಂದಿವೆ ಎಂಬ ಅಳತೆಯನ್ನು ಮರೆಯುತ್ತಾರೆ. ಉದಾಹರಣೆಗೆ ಚಕ್ರದ ತ್ರಿಜ್ಯ 320, ದಂಡದ ಓರೆ 27 ಡಿಗ್ರಿ ಎಂದಿಟ್ಟುಕೊಳ್ಳಿ. ಕಾಲುಗಳು 45 ಮಿಮೀ ಮುಂದಿದ್ದರೆ ಟ್ರೇಲ್ ಸುಮಾರು 113. 60 ಮಿಮೀ ಮುಂದಿದ್ದರೆ 96. ಹದಿನೈದು ಮಿಮೀ ಮುಂದೆ ಹೋದದ್ದಕ್ಕೆ ಹದಿನೇಳು ಮಿಮೀ ಸ್ಥಿರತೆ ಕಳೆದುಹೋಯಿತು. ಹುಡುಗನ ಮನೆಯ ಮಾಳಿಗೆಯಲ್ಲಿ ಹಳೆಯ ಕ್ಲ್ಯಾಂಪ್ ಇನ್ನೂ ಇತ್ತು. ತರಿಸಿ ಎರಡನ್ನೂ ಸರ್ಫೇಸ್ ಪ್ಲೇಟಿನ (ಅಳತೆಗೆಂದೇ ಇರುವ ಸಮತಟ್ಟು ಹಲಗೆಯ) ಮೇಲಿಟ್ಟು ಅಳೆದೆ. ಅರ್ಧ ಮಿಮೀ ಕೂಡ ವ್ಯತ್ಯಾಸವಿಲ್ಲ. ಇದೂ ನಿರಪರಾಧಿ.

ನಾನು ಎಡವಿದ ಜಾಗ

ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದೆ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ ನೇರದ ಜಾಗದಲ್ಲಿ ಸಣ್ಣದೊಂದು ಗುಂಡಿಗೆ ಬಿದ್ದಂತೆ ಕಚ್ಚುತ್ತಿತ್ತು. ಸರಿಯಾದ ಕೋನ್‌ಸೆಟ್ ಇದ್ದರೆ ನಡುವಿನಿಂದ ಬೆರಳಲ್ಲಿ ತಟ್ಟಿದೊಡನೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಒಂದು ಬದಿಗೆ ವಾಲಿ ಸ್ಟಾಪರ್ ಮುಟ್ಟಬೇಕು. ಇದು ನಡುವೆಯೇ ನಿಂತಿತು. ಹೊರಗೆ ತೆಗೆದರೆ ಬಟ್ಟಲಿನಲ್ಲಿ ಗುಂಡುಗಳ ಗುರುತು ಸಾಲಾಗಿ ಅಚ್ಚೊತ್ತಿತ್ತು, ಬೆಲ್ಲದ ಅಚ್ಚಿನಂತೆ. ಯಾರೋ ವಿಪರೀತ ಬಿಗಿದಿದ್ದರು.

ಸಿಕ್ಕಿತು ಎಂದುಕೊಂಡೆ. ನಾನಾ ಪೇಠೆಯಿಂದ ಟೇಪರ್ ರೋಲರ್ ಬೇರಿಂಗ್ ತರಿಸಿ ಹಾಕಿದೆ. ತರಕಾರಿ ತೂಗುವ ಸ್ಪ್ರಿಂಗ್ ಕಾಟಾವನ್ನು ಫೋರ್ಕ್ ಕಾಲಿಗೆ ಕೊಕ್ಕೆ ಹಾಕಿ ಎಳೆದು, ಹ್ಯಾಂಡಲ್ ಕದಲಲು ಎಡಕ್ಕೂ ಬಲಕ್ಕೂ ಒಂದೇ ಬಲ ಬೇಕಾಗುವಂತೆ ಹದ ಮಾಡಿದೆ. ಕೈಯ ಅಂದಾಜಿಗಿಂತ ಈ ಕಾಟಾ ಎಷ್ಟೋ ಪ್ರಾಮಾಣಿಕ. ಕೇಬಲ್‌ಗಳು ಎಳೆಯದಂತೆ ದಾರಿ ಬದಲಿಸಿ ಕಟ್ಟಿದೆ. ಅಗಲವಾದ ಕ್ಲ್ಯಾಂಪಿಗೆ ಹಳೆಯ ಉದ್ದದ ಕ್ಲಚ್ ಕೇಬಲ್ ಸಾಲದೆ ಬಿಗಿಯುವುದು ಸಾಮಾನ್ಯ.

ಅಂದು ಸಂಜೆ ಗಾಡಿ ನಿಧಾನ ವೇಗದಲ್ಲಿ ನೂಲು ಹಿಡಿದಂತೆ ನೇರ ಹೋಯಿತು. ಆದರೆ 55ರ ನಡುಕ ಮೊದಲಿಗಿಂತ ಜೋರಾಗಿತ್ತು.

ಮನೆಗೆ ಹೋಗಿ ಊಟ ಮಾಡುವಾಗ ಹೊಳೆಯಿತು. ಹಿಂದಿನ ಮೆಕ್ಯಾನಿಕ್ ಕೋನ್‌ಸೆಟ್ ಬಿಗಿದದ್ದು ಅರಿವಿಲ್ಲದೆ ಅಲ್ಲ. ನಡುಕ ಅಡಗಿಸಲೆಂದೇ ಬಿಗಿದಿದ್ದ. ಅವನ ಬಿಗಿತ ಬ್ರೇಕಿನಂತೆ ಕೆಲಸ ಮಾಡಿ ನಡುಕವನ್ನು ಅರ್ಧ ನುಂಗಿತ್ತು. ನಾನು ಅದನ್ನು ಸರಿ ಮಾಡಿದ್ದರಿಂದ ಅಸಲಿ ರೋಗ ಬಯಲಿಗೆ ಬಂತು. ಹಾಗಾಗಿ, ಒಂದು ರಿಪೇರಿಯ ನಂತರ ನಡುಕ ಹೆಚ್ಚಾದರೆ ಮಾಡಿದ ಕೆಲಸವೇ ತಪ್ಪೆಂದು ಮತ್ತೆ ಬಿಗಿಯಲು ಹೋಗಬೇಡಿ.

ದಾರ ಹೇಳಿದ ಸತ್ಯ

ಮುಂದಿನ ಗುರುವಾರ ಎರಡು ದಾರ ತಂದೆವು. ಸಾಮಾನ್ಯ ಗಾಡಿಯಲ್ಲಿ ಹಿಂದಿನ ಟೈರ್ ಅಗಲ, ಹಾಗಾಗಿ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆಯುತ್ತೇವೆ. ಇಲ್ಲಿ ಮುಂದೆ 130, ಹಿಂದೆ 110. ಆದ್ದರಿಂದ ದಾರವನ್ನು ಮುಂದಿನ ಟೈರಿನ ಎರಡೂ ಬದಿಗೆ ತಾಗಿಸಿ ಹಿಂದಕ್ಕೆ ಎಳೆದೆವು. ಎಲ್ಲ ಸರಿಯಿದ್ದರೆ ಹಿಂದಿನ ಟೈರಿನ ಎರಡೂ ಬದಿಯಲ್ಲಿ 10 ಮಿಮೀ ಸಂದು ಉಳಿಯಬೇಕು.

ಒಂದು ಬದಿ 14, ಇನ್ನೊಂದು ಬದಿ 6.

ಹ್ಯಾಂಡಲ್ ಸ್ವಲ್ಪ ತಿರುಗಿದ್ದರೂ ಹೀಗೆ ಬರಬಹುದಲ್ಲವೇ? ಬರಬಹುದು. ಆದರೆ ಆಗ ಹಿಂದಿನ ಟೈರಿನ ಮುಂದಂಚಿನಲ್ಲಿ ಒಂದು ಅಳತೆ, ಹಿಂದಂಚಿನಲ್ಲಿ ಬೇರೆ ಅಳತೆ ಸಿಗುತ್ತದೆ. ಇಲ್ಲಿ ಎರಡೂ ಅಂಚಿನಲ್ಲಿ ಅದೇ 14, ಅದೇ 6. ಅಂದರೆ ಮುಂದಿನ ಚಕ್ರ ಹಿಂದಿನದಕ್ಕೆ ಸಮಾನಾಂತರವಾಗಿಯೇ ಇದೆ, ಆದರೆ ಇಡಿಯಾಗಿ 4 ಮಿಮೀ ಎಡಕ್ಕೆ ಕೂತಿದೆ. ಬ್ರೇಕ್ ಹಿಡಿದಾಗ ಎಡಕ್ಕೆ ಎಳೆಯುತ್ತದೆ ಎಂದು ಹುಡುಗ ಮೊದಲ ದಿನವೇ ಹೇಳಿದ್ದ. ಚಕ್ರ ಹ್ಯಾಂಡಲಿನ ದಂಡಕ್ಕಿಂತ ಎಡಕ್ಕಿದ್ದರೆ ಬ್ರೇಕಿನ ಎಳೆತವೂ ಆ ಬದಿಯಲ್ಲೇ ಬಿದ್ದು ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತದೆ.

ತಪ್ಪು ಚಾಸಿಯದ್ದೋ ಚಕ್ರದ್ದೋ ಎಂದು ತಿಳಿಯಲು ವರ್ನಿಯರ್ ಹಿಡಿದು ಟೈರಿನಿಂದ ಎರಡೂ ಫೋರ್ಕ್ ಪೈಪಿನ ದೂರ ಅಳೆದೆ. ಬಲಗಡೆ 31, ಎಡಗಡೆ 23. ವ್ಯತ್ಯಾಸ 8, ಅದರ ಅರ್ಧ 4. ದಾರ ಹೇಳಿದ ಪೂರ್ತಿ 4 ಮಿಮೀ ಫೋರ್ಕ್ ಕಾಲುಗಳ ನಡುವೆಯೇ ಸಿಕ್ಕಿತು, ಆದ್ದರಿಂದ ಚಾಸಿ ನೇರವಾಗಿದೆ. ಇಲ್ಲಿ 2 ಮಾತ್ರ ಸಿಕ್ಕಿದ್ದರೆ ಉಳಿದ 2 ಅನ್ನು ಚಾಸಿಯಲ್ಲೋ ಹಿಂದಿನ ಚಕ್ರದಲ್ಲೋ ಹುಡುಕಬೇಕಾಗುತ್ತಿತ್ತು.

ವಿಚಿತ್ರವೆಂದರೆ ಬ್ರೇಕಿನ ಡಿಸ್ಕ್, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರಿನ ಸರಿ ಮಧ್ಯಕ್ಕೆ ಕೂತಿತ್ತು. ಚಕ್ರ ಬದಿಗೆ, ಬ್ರೇಕ್ ಮಾತ್ರ ಅಚ್ಚುಕಟ್ಟು! ಕಾರಣ ತಿಳಿಯಲು ಡಿಸ್ಕ್ ಬಿಚ್ಚಿದೆ. ಕಾಲುಗಳ ಅಂತರ 180ರಿಂದ 220 ಆದಾಗ ಪ್ರತಿ ಕಾಲೂ 20 ಮಿಮೀ ಹೊರಗೆ ಹೋಯಿತು, ಕಾಲಿಗೆ ಅಂಟಿದ ಕ್ಯಾಲಿಪರ್ ಕೂಡ ಅಷ್ಟೇ ಹೊರಗೆ ಹೋಯಿತು. ಹಾಗಾದರೆ ಚಕ್ರದ ನಡುಭಾಗವಾದ ಹಬ್ ಮತ್ತು ಡಿಸ್ಕಿನ ನಡುವೆ 20 ಮಿಮೀ ದಪ್ಪದ ಸ್ಪೇಸರ್ ಬೇಕು. ಒಳಗೆ ಇದ್ದದ್ದು 16. ಬಜಾರಿನಲ್ಲಿ 16 ಮಿಮೀ ತಟ್ಟೆ ಸಿದ್ಧ ಸಿಗುತ್ತದೆ; ಅದನ್ನೇ ಕೊರೆದು ಹಾಕಿದ್ದಾರೆ. ಕಮ್ಮಿ ಬಿದ್ದ 4 ಮಿಮೀ ತುಂಬಲು ಆಕ್ಸಲಿನ ಬುಶ್‌ಗಳನ್ನು ಹೆಚ್ಚುಕಡಿಮೆ ಮಾಡಿ ಚಕ್ರವನ್ನೇ ಕ್ಯಾಲಿಪರಿನ ಕಡೆ ತಳ್ಳಿದ್ದಾರೆ. ಬ್ರೇಕ್ ಹಿಡಿಯಿತು, ಗಿರಾಕಿ ಹಣ ಕೊಟ್ಟ, ಕತೆ ಮುಗಿಯಿತು.

ಪರಿಹಾರ ನೇರ. ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯಿಂದ 20 ಮಿಮೀ ಸ್ಪೇಸರನ್ನು ಲೇತಿನಲ್ಲಿ ತಿರುಗಿಸಿದೆ. ಇಲ್ಲಿ ಅವಸರ ಸಲ್ಲದು. ಎರಡು ಮುಖಗಳೂ 0.02 ಮಿಮೀ ಒಳಗೆ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಡಿಸ್ಕ್ ಓಲಾಡಿ ಬ್ರೇಕ್ ಲಿವರ್ ಬೆರಳಿಗೆ ಹೊಡೆಯುತ್ತದೆ. ಸ್ಪೇಸರ್ ಹಬ್ಬಿನ ಗುಂಡನೆಯ ಅಂಚಿನ ಮೇಲೆ ಬಿಗಿಯಾಗಿ ಕೂರಬೇಕು, ಡಿಸ್ಕ್ ಕೂಡ ಸ್ಪೇಸರಿನ ಅಂಚಿನ ಮೇಲೆ ಹಾಗೆಯೇ ಕೂರಬೇಕು. ಬೋಲ್ಟುಗಳ ಮೇಲೆ ಮಾತ್ರ ನಿಂತರೆ ಪ್ರತಿ ಬ್ರೇಕಿಗೂ ಬೋಲ್ಟುಗಳು ಬಾಗಲು ನೋಡುತ್ತವೆ. ಬೋಲ್ಟುಗಳು ಹೈ ಟೆನ್ಸೈಲ್, 20 ಮಿಮೀ ಉದ್ದ ಹೆಚ್ಚಿನವು, ಹಬ್ಬಿನೊಳಗೆ ಮೊದಲಿನಷ್ಟೇ ಚೂಡಿ (ಥ್ರೆಡ್) ಹಿಡಿದಿರಬೇಕು. ಲೇತ್ ಇಲ್ಲದವರು ವಾಶರ್ ಪೇರಿಸಿ ಈ ಕೆಲಸ ಮಾಡಬಾರದು. ಆಕ್ಸಲಿನ ಬುಶ್‌ಗಳನ್ನು ಒಂದು ಬದಿ 4 ಕಡಿಮೆ, ಇನ್ನೊಂದು ಬದಿ 4 ಹೆಚ್ಚು ಮಾಡಿದಾಗ ಚಕ್ರ ನಡುವಿಗೆ ಬಂತು. ಟೈರಿನಿಂದ ಪೈಪಿಗೆ ಎರಡೂ ಕಡೆ 27. ದಾರದಲ್ಲಿ 10, 10.

ಕೂಡಿಸುವಾಗ ನೋಡಬೇಕಾದದ್ದು

ಚಕ್ರ ಬಿಚ್ಚಿದ್ದಾಗಲೇ ಫೋರ್ಕ್ ಕಾಲುಗಳು ಒಂದಕ್ಕೊಂದು ಸಮಾನಾಂತರವೇ ಎಂದು ನೋಡಿಬಿಡಿ. ಕಿಟಕಿಗೆ ಹಾಕುವ ದಪ್ಪ ಗಾಜಿನ ಒಂದು ಹಲಗೆಯನ್ನು ಎರಡೂ ಪೈಪುಗಳಿಗೆ ಆನಿಸಿ, ಮೂಲೆಗಳನ್ನು ಒಂದೊಂದಾಗಿ ಒತ್ತಿ. ಗಾಜು ಟಕಟಕ ಎಂದರೆ ಪೈಪುಗಳು ಹೊರಳಿವೆ. ಮೇಲಿನ ಮತ್ತು ಕೆಳಗಿನ ಕ್ಲ್ಯಾಂಪಿನ ತೂತುಗಳನ್ನು ಬೇರೆ ಬೇರೆ ಸಲ ಮಶಿನ್ನಿಗೆ ಕಟ್ಟಿ ಕೊರೆದರೆ ಹೀಗಾಗುತ್ತದೆ. ಇವನ ಗಾಡಿಯಲ್ಲಿ ಗಾಜು ಉಸಿರೆತ್ತಲಿಲ್ಲ.

ಆಕ್ಸಲ್ ಬಿಗಿಯುವ ಕ್ರಮವನ್ನು ಅನುಭವಿಗಳೂ ತಪ್ಪುತ್ತಾರೆ. ಮೊದಲು ಆಕ್ಸಲಿನ ನಟ್. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಶಾಕಪ್ ಒತ್ತಿ. ಕಾಲುಗಳು ತಮ್ಮ ಜಾಗ ಕಂಡುಕೊಂಡ ಮೇಲೆ ಮಾತ್ರ ಆಕ್ಸಲನ್ನು ಕಚ್ಚುವ ಸಣ್ಣ ಬೋಲ್ಟುಗಳನ್ನು ಬಿಗಿಯಿರಿ. ಬುಶ್ಶಿನ ಉದ್ದ ಕಮ್ಮಿಯಿದ್ದರೆ ಆಕ್ಸಲ್ ಎರಡೂ ಕಾಲುಗಳನ್ನು ಒಳಕ್ಕೆ ಎಳೆದು ಶಾಕಪ್ ಸಿಕ್ಕಿಕೊಳ್ಳುತ್ತದೆ. ಹೊಸ ಆಯಿಲ್ ಸೀಲ್ ತಿಂಗಳೊಳಗೆ ಸೋರಿದರೆ ಇದನ್ನೇ ಅನುಮಾನಿಸಿ.

ಇನ್ನೊಂದು ಪರೀಕ್ಷೆ ಅಡುಗೆಮನೆಯದು. ಫೋರ್ಕಿನ ಸ್ಪ್ರಿಂಗ್ ತೆಗೆದು, ಮಡ್‌ಗಾರ್ಡಿನ ಒಳಗೆ ಮತ್ತು ಕೆಳಗಿನ ಕ್ಲ್ಯಾಂಪಿನ ಅಡಿಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಶಾಕಪ್ಪನ್ನು ತಳ ಮುಟ್ಟುವ ತನಕ ಒತ್ತಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ನಿಮ್ಮ ನಿಜವಾದ ಸಂದು. 10 ಮಿಮೀಗಿಂತ ಕಡಿಮೆ ಇದ್ದರೆ ನಾನು ಗಾಡಿಯನ್ನು ಹೊರಗೆ ಬಿಡುವುದಿಲ್ಲ. ಮಡ್‌ಗಾರ್ಡಿನ ಒಳಗೆ ಇಣುಕುವ ಬೋಲ್ಟಿನ ತಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುಂಡಿಗೆ ಬಿದ್ದ ಗಳಿಗೆಯಲ್ಲಿ ಟೈರ್ ಅಲ್ಲಿ ಕಚ್ಚಿದರೆ ಚಕ್ರ ನಿಂತೇಬಿಡುತ್ತದೆ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂಥ ಗಾಡಿಗೆ ಬೇರೆ ಹಬ್ ಹಾಕಿದ ಮೇಲೆ ಎಬಿಎಸ್ ದೀಪ ಆರದಿದ್ದರೆ ಮೊದಲು ಸೆನ್ಸರಿನ ಸಂದು ನೋಡಿ, ಆಮೇಲೆ ಅದು ಓದುವ ಹಲ್ಲಿನ ಉಂಗುರದ ಹಲ್ಲುಗಳ ಸಂಖ್ಯೆ ಹಳೆಯದಕ್ಕೆ ಸರಿಹೊಂದುತ್ತದೆಯೇ ಎಂದು ಎಣಿಸಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಹುಡುಗನಿಗೂ ಹೇಳಿದ್ದೇನೆ, ಅವನು ಕೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಎಂದಿದೆ. ಅಪಘಾತವಾದರೆ ವಿಮೆಯವರೂ ಮೊದಲು ಕೇಳುವುದು ಇದನ್ನೇ.

ಉಳಿದ ಕೊನೆಯ ನಡುಕ

ಚಕ್ರ ನಡುವಿಗೆ ಬಂದ ಮೇಲೆ ಎಡದ ಎಳೆತ ಪೂರ್ತಿ ಹೋಯಿತು. ನಡುಕ ಮಾತ್ರ 50ರ ಹತ್ತಿರ ಸಣ್ಣಗೆ ಉಳಿದಿತ್ತು, ಮೊಬೈಲ್ ಜೇಬಿನಲ್ಲಿ ಕಂಪಿಸಿದಷ್ಟು. ಚಕ್ರವನ್ನು ಎತ್ತಿ, ಬ್ರೇಕ್ ಪ್ಯಾಡ್ ತಾಗದಂತೆ ಕ್ಯಾಲಿಪರ್ ಬಿಚ್ಚಿಟ್ಟು ತಿರುಗಿಸಿದೆ. ಮೂರು ಸಲವೂ ಟ್ಯೂಬಿನ ವಾಲ್ವ್ ಕೆಳಗೆ ಬಂದೇ ನಿಂತಿತು. ಟೈರ್ ಬದಲಿಸಿದವರು ತೂಕ ಹೊಂದಿಸಿಯೇ ಇರಲಿಲ್ಲ. ವಾಲ್ವಿನ ಎದುರು ಬದಿಯ ಸ್ಪೋಕಿಗೆ ಸೀಸದ ಸಣ್ಣ ತುಂಡುಗಳನ್ನು ಸುತ್ತುತ್ತ ಹೋದೆ. 40 ಗ್ರಾಂ ಆದಾಗ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಸ್ಪೋಕುಗಳನ್ನು ಪಾನಾದಿಂದ ಮೆಲ್ಲಗೆ ತಟ್ಟುತ್ತ ಸುತ್ತು ಹಾಕಿದರೆ ಮೂರು ಸ್ಪೋಕ್ ಮಾತ್ರ ಟಣ್ ಎನ್ನದೆ ಟಪ್ ಎಂದವು, ಅವನ್ನೂ ಬಿಗಿದೆ.

ಖಾಲಿ ರಸ್ತೆಯಲ್ಲಿ 70ರ ತನಕ ಓಡಿಸಿ ಆಕ್ಸಿಲರೇಟರ್ ಬಿಟ್ಟೆ. 60, 55, 50, 45. ಹಿಡಿ ಕೈಯಲ್ಲಿ ಸತ್ತಂತೆ ಸುಮ್ಮನಿತ್ತು.

ಹುಡುಗ ಒಂದು ಸುತ್ತು ಹೋಗಿ ಬಂದು, "ಮಾಮಾ, ತಿರುವಿನಲ್ಲಿ ಇನ್ನೂ ಭಾರ ಎನಿಸುತ್ತದೆ. ತಿರುವಿನ ನಡುವೆ ಬ್ರೇಕ್ ಹಿಡಿದರೆ ಗಾಡಿ ಎದ್ದು ನಿಲ್ಲಲು ನೋಡುತ್ತದೆ" ಎಂದ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ದಪ್ಪ ಟೈರನ್ನು ವಾಲಿಸಿದಾಗ ಅದು ನೆಲ ಮುಟ್ಟುವ ಜಾಗ ನಡುಗೆರೆಯಿಂದ ಬದಿಗೆ ಜರುಗುತ್ತದೆ. ಅಗಲ ಹೆಚ್ಚಿದಷ್ಟೂ ಜರುಗುವುದು ಹೆಚ್ಚು. ಬ್ರೇಕ್ ಆ ಬದಿಯಲ್ಲಿ ಎಳೆದು ಗಾಡಿಯನ್ನು ಎಬ್ಬಿಸುತ್ತದೆ. ಸಿಮೆಂಟ್ ರಸ್ತೆಯ ಉದ್ದ ಗೆರೆಗಳನ್ನು ಹಿಂಬಾಲಿಸುವುದೂ ಇದೇ ಟೈರಿನ ಸ್ವಭಾವ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸು ಎಂದು ಹೇಳಿ, 300 ಕಿಲೋಮೀಟರ್ ಆದ ಮೇಲೆ ಸ್ಪೋಕ್ ಮತ್ತು ಕೋನ್‌ಸೆಟ್ ತೋರಿಸಲು ಒಂದು ಗುರುವಾರ ಬಾ ಎಂದು ಕಳುಹಿಸಿದೆ.